ನಾನು ಹಾಕಿಲ್ಲ, ಆದ್ರೂ ನನ್ನ ಹಾಡು ಯೂಟ್ಯೂಬಲ್ಲಿದೆ

"ಅಣ್ಣ, ನಾನಂತೂ ಹಾಕಿಲ್ಲ, ನಮ್ ಹುಡುಗ್ರು ಯಾರೂ ಹಾಕಿಲ್ಲ, ಆದ್ರೆ ನನ್ನ ಹಾಡು ಯೂಟ್ಯೂಬಲ್ಲಿ ಬಂದ್ಬಿಟ್ಟಿದೆ, ಯಾರೋ ಕದ್ದಿದಾರೆ, ಕಂಪ್ಲೇಂಟ್ ಕೊಡೋದು ಹೆಂಗೆ?"

ಈ ಮಾತು ಎಷ್ಟು ಜನರ ಬಾಯಲ್ಲಿ ಕೇಳಿದೀನೋ ಲೆಕ್ಕ ಇಟ್ಟಿಲ್ಲ. ನಂದು ಹಾಸನದಲ್ಲಿ ಒಂದು ಆನ್‌ಲೈನ್ ಅರ್ಜಿ ಅಂಗಡಿ, ಜೆರಾಕ್ಸು, ಲ್ಯಾಮಿನೇಶನ್ನು, ಪಹಣಿ, ಜಾತಿ-ಆದಾಯ ಸರ್ಟಿಫಿಕೇಟು, ಸ್ಕಾಲರ್‌ಶಿಪ್ಪು, ಪ್ಯಾನ್ ಕಾರ್ಡು. ಇದರ ಮಧ್ಯೆ ಹಾಡಿನ ವ್ಯವಹಾರ ಯಾಕೆ ಬಂತು ಅಂದ್ರೆ ಹಾಡು ರಿಲೀಸ್ ಮಾಡೋದೂ ಈಗ ಒಂದು ಅರ್ಜಿನೇ, ಇಂಗ್ಲಿಷಲ್ಲಿರೋ ಉದ್ದನೆ ಅರ್ಜಿ, ಅದು ತುಂಬೋಕೆ ಬರದೇ ಇರೋರು ಎಲ್ಲಿಗೆ ಹೋಗ್ತಾರೆ, ಅರ್ಜಿ ತುಂಬೋ ಅಂಗಡಿಗೇ ಬರ್ತಾರೆ. ಭಜನೆ ಮಂಡಳಿಯೋರು, ಸುಗಮ ಸಂಗೀತದ ಮೇಡಮ್ಮು, ರ‍್ಯಾಪ್ ಮಾಡೋ ಡಿಪ್ಲೊಮಾ ಹುಡುಗ್ರು, ದೀಪಾವಳಿ ಹತ್ರ ಆದ್ರೆ ಹಾಸನಾಂಬೆ ಮೇಲೆ ಹಾಡು ಮಾಡ್ಕೊಂಡು ಬರೋರು ಬೇರೆ. ಸಂಗೀತ ನನಗೆ ಸರಿಗಮದಷ್ಟೂ ಬರಲ್ಲ. ಆದ್ರೆ ಯಾವ ಕಾಲಮ್ಮಲ್ಲಿ ಏನು ಬರೀಬೇಕು ಅನ್ನೋದು ನನ್ನ ಹೊಟ್ಟೆಪಾಡು, ಹಂಗಾಗಿ ಈ ವಿಷಯ ನಂಗೆ ಸ್ವಲ್ಪ ಜಾಸ್ತಿನೇ ತಲೆಗೆ ಹತ್ತಿದೆ ಅನ್ಸುತ್ತೆ.

ಕದ್ದಿಲ್ಲ ಮಾರಾಯ, ನೀನೇ ಕೊಟ್ಟಿರೋದು ಅಂತ ಹೇಳಿ ನಾನು ಅವರ ಮೊಬೈಲಲ್ಲೇ ತೋರಿಸ್ತೀನಿ. ನೋಡಿದ್ರೆ ವಿಡಿಯೋ ಅಂತ ಏನೂ ಇರಲ್ಲ, ಕವರ್ ಫೋಟೋ ಒಂದು ಅಲ್ಲಾಡದೆ ಕೂತಿರತ್ತೆ, ಹಾಡು ಓಡ್ತಿರತ್ತೆ. ಚಾನೆಲ್ ಹೆಸರು ಹಾಡಿದವರದ್ದೇ, ಮುಂದೆ ಒಂದು ಸಣ್ಣ ಗೀಟು, ಆಮೇಲೆ 'ಟಾಪಿಕ್' ಅನ್ನೋ ಪದ. ಕೆಳಗೆ ಡಿಸ್ಕ್ರಿಪ್ಶನ್ ಬಿಚ್ಚಿದ್ರೆ 'ಪ್ರೊವೈಡೆಡ್ ಟು ಯೂಟ್ಯೂಬ್ ಬೈ' ಅಂತ ಶುರುವಾಗಿ ಯಾವುದೋ ಕಂಪನಿ ಹೆಸರು, ಆಮೇಲೆ ಹಾಡು, ಹಾಡಿದವರು, ಆಲ್ಬಂ, ರಿಲೀಸ್ ಆದ ತಾರೀಖು, ಕೊನೇ ಸಾಲಲ್ಲಿ 'ಆಟೋ-ಜನರೇಟೆಡ್ ಬೈ ಯೂಟ್ಯೂಬ್'. ಇದಕ್ಕೆ ಯೂಟ್ಯೂಬ್‌ನೋರು ಕರೆಯೋದು ಆರ್ಟ್ ಟ್ರ್ಯಾಕ್ ಅಂತ. ಆ ಟಾಪಿಕ್ ಚಾನೆಲ್ಲಿಗೆ ಲಾಗಿನ್ನೇ ಇಲ್ಲ, ಅದನ್ನ ಯಾರೂ ಕೂತ್ಕೊಂಡು ನಡೆಸಲ್ಲ, ಕಂಪ್ಯೂಟರ್ರೇ ಹುಟ್ಟಿಸಿ ಕಂಪ್ಯೂಟರ್ರೇ ಸಾಕ್ಕೊಳ್ಳೋ ಚಾನೆಲ್ಲು ಅದು.

ಯಾಕೆ ಹಿಂಗೆ ಮಾಡಿದ್ರು ಅಂದ್ರೆ, ಯೂಟ್ಯೂಬ್ 2005ರಲ್ಲಿ ಶುರುವಾದಾಗ ಜನ ಹಾಕಿದ್ದಷ್ಟೇ ಅದರಲ್ಲಿರ್ತಿತ್ತು. ಆಮೇಲೆ ಅವರಿಗೂ ಹಾಡಿನ ವ್ಯಾಪಾರಕ್ಕೆ ಇಳೀಬೇಕು ಅನ್ನಿಸ್ತು, 2014ರ ನವೆಂಬರಲ್ಲಿ ಮ್ಯೂಸಿಕ್ ಕೀ ಅಂತ ದುಡ್ಡು ಕೊಟ್ಟು ಕೇಳೋ ಸೇವೆ ತಂದ್ರು, ಈಗಿರೋ ಯೂಟ್ಯೂಬ್ ಮ್ಯೂಸಿಕ್ ಭಾರತಕ್ಕೆ ಬಂದಿದ್ದು 2019ರ ಮಾರ್ಚಲ್ಲಿ, ಅದಕ್ಕೆ ಒಂದು ತಿಂಗಳ ಮುಂಚೆ ಹಾಡು ಕೇಳೋ ಇನ್ನೊಂದು ಆ್ಯಪ್ ಸ್ಪಾಟಿಫೈ ಬಂದಿತ್ತು. ಹಾಡಿನ ಅಂಗಡಿ ಇಡೋನಿಗೆ ಎಲ್ಲಾ ಹಾಡೂ ಬೇಕಲ್ವ, ವಿಡಿಯೋ ಇರೋ ಹಾಡು ಮಾತ್ರ ಇಟ್ಕೊಂಡ್ರೆ ಆಗಲ್ಲ. ಆಲ್ಬಮ್ಮಲ್ಲಿ ಎಂಟು ಹಾಡಿದ್ರೆ ವಿಡಿಯೋ ಮಾಡೋದು ಒಂದಕ್ಕೋ ಎರಡಕ್ಕೋ, ಮಿಕ್ಕಿದ್ದು? ಆ ಜಾಗ ತುಂಬೋಕೆ ಈ ಆರ್ಟ್ ಟ್ರ್ಯಾಕು.

ಈಗ ಅದು ಬರೋ ದಾರಿ ಹೇಳ್ತೀನಿ. ಹಾಸನದ ಹುಡುಗ ಒಬ್ಬ ಹಾಡು ರೆಕಾರ್ಡ್ ಮಾಡಿದ ಅಂತಿಟ್ಕೊಳ್ಳಿ. ಅವನು ನೇರವಾಗಿ ಸ್ಪಾಟಿಫೈಗೆ ಹೋಗಿ ನನ್ನ ಹಾಡು ತಗೊಳ್ಳಿ ಅಂದ್ರೆ ತಗೊಳ್ಳಲ್ಲ. ಆಪಲ್‌ನೋರು 2003ರಲ್ಲಿ ಐಟ್ಯೂನ್ಸ್ ಸ್ಟೋರ್ ಅಂತ ಆನ್‌ಲೈನ್ ಹಾಡಿನಂಗಡಿ ತೆರೆದಾಗಿಂದ ಇದೇ ಕತೆ, ಒಬ್ಬೊಬ್ಬ ಹಾಡುಗಾರನ ಜೊತೆ ಕರಾರು ಮಾಡ್ಕೊಂಡು ಕೂರೋಕೆ ಅವರಿಗಾಗಲ್ಲ. ಅದಕ್ಕೆ ಮಧ್ಯದಲ್ಲಿ ಡಿಸ್ಟ್ರಿಬ್ಯೂಟರ್‌ಗಳು, ಅಂದ್ರೆ ಹಾಡು ತಗೊಂಡು ಎಲ್ಲಾ ಕಡೆ ತಲುಪಿಸೋ ಕಂಪನಿಯೋರು ಇದಾರೆ. ಸೀಡಿ ಬೇಬಿ 1998ರಲ್ಲೇ ಇತ್ತು, ಆವಾಗ ನಿಜವಾದ ಸೀಡಿ ಮಾರ್ತಿದ್ರು. ಡಿಸ್ಟ್ರೋಕಿಡ್ 2013ರದ್ದು. ಕೆಲವರು ವರ್ಷಕ್ಕಿಷ್ಟು ಅಂತ ತಗೊಳ್ತಾರೆ, ಕೆಲವರು ಬಂದಿದ್ರಲ್ಲಿ ಪಾಲು ತಗೊಳ್ತಾರೆ. ಹುಡುಗ ಏನು ಮಾಡ್ತಾನೆ, ಹಾಡಿನ ವೇವ್ ಫೈಲು ಹಾಕ್ತಾನೆ, ಚೌಕಟ್ಟಾಗಿರೋ ಕವರ್ ಫೋಟೋ ಹಾಕ್ತಾನೆ, ಸಾಮಾನ್ಯವಾಗಿ 3000 ಪಿಕ್ಸೆಲ್ ಅಗಲ 3000 ಎತ್ತರ ಕೇಳ್ತಾರೆ, ಆಮೇಲೆ ಹೆಸರುಗಳು, ಭಾಷೆ, ತಾರೀಖು. ಕೊನೇಲಿ ಎಲ್ಲೆಲ್ಲಿಗೆ ಕಳಿಸ್ಬೇಕು ಅಂತ ಒಂದು ಉದ್ದ ಲಿಸ್ಟ್, ಪ್ರತಿಯೊಂದಕ್ಕೂ ಮೊದ್ಲೇ ಟಿಕ್ ಹಾಕಿರತ್ತೆ, ಯಾರೂ ಓದಲ್ಲ, ಸಬ್ಮಿಟ್ ಒತ್ತುತ್ತಾರೆ. ಆ ಟಿಕ್ಕಲ್ಲಿ ಯೂಟ್ಯೂಬ್ ಮ್ಯೂಸಿಕ್ಕೂ ಒಂದು. ತಾನಾಗೇ ಬಂತು ಅನ್ನೋದರ ಬೇರು ಇಷ್ಟೇ.

ಅಲ್ಲಿಂದ ಮುಂದೆ ಮನುಷ್ಯರ ಕೈ ಕಮ್ಮಿ. ಡಿಸ್ಟ್ರಿಬ್ಯೂಟರ್ ಆ ಅರ್ಜೀನ ಕಂಪ್ಯೂಟರ್ ಓದೋ ಒಂದು ಎಕ್ಸ್‌ಎಂಎಲ್ ಫೈಲ್ ಮಾಡಿ ಕಳಿಸ್ತಾರೆ, ಆ ಫೈಲು ಹೆಂಗಿರ್ಬೇಕು ಅಂತ ನಿಯಮ ಮಾಡೋ ಒಕ್ಕೂಟದ ಹೆಸರು ಡಿಡಿಇಎಕ್ಸ್, 2006ರಲ್ಲಿ ಮಾಡ್ಕೊಂಡಿದ್ದು. ಆ ಕಡೆ ಯೂಟ್ಯೂಬಿನ ಕಂಪ್ಯೂಟರ್ ಅದನ್ನ ಓದತ್ತೆ, ಫೋಟೋಗೆ ಹಾಡು ಅಂಟಿಸತ್ತೆ, ಹಾಡಿದವರ ಹೆಸರಿನ ಟಾಪಿಕ್ ಚಾನೆಲ್ ಇದ್ರೆ ಅದರೊಳಗೆ ಹಾಕತ್ತೆ, ಇಲ್ಲಾಂದ್ರೆ ಹೊಸದು ಮಾಡತ್ತೆ. ಕೆಲವು ಸಲ ಯಾರ ಲೆಕ್ಕಕ್ಕೆ ಹಾಕ್ಬೇಕು ಅಂತ ಅದಕ್ಕೇ ತಿಳೀದೆ 'ರಿಲೀಸ್ - ಟಾಪಿಕ್' ಅನ್ನೋ ಒಂದು ದೊಡ್ಡ ಚಾನೆಲ್ಲಲ್ಲಿ ಹಾಕಿರತ್ತೆ, ಅಲ್ಲಿ ನೋಡಿದ್ರೆ ಯಾವ್ಯಾವ ದೇಶದ ಹಾಡೋ, ನಮ್ಮ ಆಲೂರಿನ ಹಾಡು ಎಲ್ಲೋ ಮಧ್ಯದಲ್ಲಿ ಸಿಕ್ಕಾಕ್ಕೊಂಡಿರತ್ತೆ.

ಗಮನಿಸಬೇಕಾದ್ದು ಏನಂದ್ರೆ ಇಷ್ಟೊತ್ತಿನವರೆಗೆ ಆ ಹಾಡನ್ನ ಯಾರೂ ಕೇಳಿಲ್ಲ. ಓದಿದಾರೆ ಅಷ್ಟೆ. ನನಗಂತೂ ಇಡೀ ವ್ಯವಹಾರದಲ್ಲಿ ತಲೆ ಕೊರೆಯೋದು ಇದೇ, ಹಾಡು ಚೆನ್ನಾಗಿದ್ಯೋ ಇಲ್ವೋ ಅನ್ನೋದು ಆಮೇಲಿನ ಮಾತು, ಅದು ಯಾರದ್ದು ಅನ್ನೋದನ್ನ ತೀರ್ಮಾನ ಮಾಡೋದು ಅರ್ಜಿ ತುಂಬಿದ ಕೈ.

ಪ್ರತಿ ರೆಕಾರ್ಡಿಂಗಿಗೆ ಐಎಸ್‌ಆರ್‌ಸಿ ಅಂತ ಒಂದು ನಂಬರ್ ಇರತ್ತೆ, 12 ಅಕ್ಷರ. ಮೊದಲ ಎರಡು ದೇಶದ ಕೋಡು, ಆಮೇಲಿನ ಮೂರಕ್ಷರ ಆ ನಂಬರ್ ಕೊಟ್ಟೋರ ಗುರುತು, ಆಮೇಲಿನ ಎರಡಂಕಿ ವರ್ಷದ್ದು, ಕೊನೇ ಐದು ಆ ರೆಕಾರ್ಡಿಂಗಿನ ಸಂಖ್ಯೆ. ಇದು 1986ರಿಂದ ಇರೋ ಅಂತರರಾಷ್ಟ್ರೀಯ ಪದ್ಧತಿ. ಬಹಳ ಜನಕ್ಕೆ ಡಿಸ್ಟ್ರಿಬ್ಯೂಟರ್ರೇ ಪುಕ್ಕಟೆ ಕೊಡ್ತಾರೆ, ಅದಕ್ಕೇ ನಮ್ಮೂರಿನ ಭಜನೆಗೂ ಅಮೆರಿಕದ ಕೋಡ್ ಬಿದ್ದಿರೋದು ನೋಡ್ಬಹುದು, ಬೇಜಾರು ಮಾಡ್ಕೊಳ್ಳೋ ಅಂಥದ್ದೇನಲ್ಲ. ಆದ್ರೆ ಈ ನಂಬರ್ ಬರೆದಿಟ್ಕೊಳ್ಳಿ ಅಂತ ನಾನು ಎಲ್ಲರಿಗೂ ಬಡ್ಕೊಳ್ತೀನಿ. ನಾಳೆ ಡಿಸ್ಟ್ರಿಬ್ಯೂಟರ್ ಬದಲಾಯಿಸಿದ್ರೆ ಹಳೇ ನಂಬರ್ರನ್ನೇ ಕೊಟ್ರೆ ಹಳೇ ಕೇಳುವಿಕೆ ಲೆಕ್ಕ ಉಳಿಯೋ ಸಾಧ್ಯತೆ ಇರತ್ತೆ, ಹೊಸ ನಂಬರ್ ತಗೊಂಡ್ರೆ ಅದೇ ಹಾಡು ಹೊಸ ಕೂಸಾಗಿ ಹುಟ್ಟತ್ತೆ. ಇನ್ನೊಂದು, ವರ್ಷದ ದುಡ್ಡು ಕಟ್ಟೋದು ನಿಲ್ಲಿಸಿದ್ರೆ ಕೆಲವು ಡಿಸ್ಟ್ರಿಬ್ಯೂಟರ್‌ಗಳು ಹಾಡೇ ಇಳಿಸಿಬಿಡ್ತಾರೆ, ಟಾಪಿಕ್ ಚಾನೆಲ್ಲಲ್ಲಿ ಇದ್ದಿದ್ದು ಒಂದಿನ ಮಾಯ. ಬರೋವಾಗ ತಾನಾಗೇ ಬಂತು ಅಂದೋರು ಹೋಗೋವಾಗ್ಲೂ ಹಂಗೇ ಅಂತಾರೆ.

ಹೆಸರಿನ ವಿಷಯಕ್ಕೆ ಬರ್ತೀನಿ, ಇದರಲ್ಲಿ ನಮ್ಮ ಕಡೆಯವರ ಪಾಡು ಹೇಳತೀರದು. ಬರೆದವರ ಹೆಸರು ಕೇಳೋ ಕಡೆ ಫಸ್ಟ್ ನೇಮ್, ಲಾಸ್ಟ್ ನೇಮ್ ಅಂತ ಎರಡು ಖಾನೆ, ಎರಡೂ ತುಂಬಲೇಬೇಕು. ನಮ್ಮಲ್ಲಿ ಲಾಸ್ಟ್ ನೇಮ್ ಎಲ್ಲಿದೆ? ಮುಂದೆ ಎರಡು ಇನಿಶಿಯಲ್, ಒಂದು ಊರಿಂದು ಒಂದು ಅಪ್ಪಂದು. ಅರಕಲಗೂಡಿನ ಒಬ್ಬರು ತಮ್ಮ ಮಗನ ಕೈಲಿ ತುಂಬಿಸಿದ್ರು, ಅವನು ಇನಿಶಿಯಲ್ ಬಿಡಿಸಿ ಲಾಸ್ಟ್ ನೇಮಲ್ಲಿ ಊರು ಹಾಕಿದಾನೆ, ಈಗ ಅವರು ಪ್ರಪಂಚಕ್ಕೆಲ್ಲಾ ಮಿಸ್ಟರ್ ಅರಕಲಗೂಡು. ಅವರಿಗೇನೋ ಖುಷಿನೇ. ತಾಪತ್ರಯ ಆಗೋದು ಮುಂದಿನ ಹಾಡಿಗೆ. ಹೆಸರಲ್ಲಿ ಒಂದು ಎಚ್ ಜಾಸ್ತಿ, ಒಂದು ಚುಕ್ಕಿ ಕಮ್ಮಿ ಆದ್ರೆ ಕಂಪ್ಯೂಟರ್ರಿಗೆ ಅವನು ಬೇರೆ ಮನುಷ್ಯ, ಬೇರೆ ಪುಟ, ಬೇರೆ ಟಾಪಿಕ್ ಚಾನೆಲ್ಲು. ಇದಕ್ಕೆ ಉಲ್ಟಾನೂ ಆಗತ್ತೆ, ಒಂದೇ ಹೆಸರಿನ ಇಬ್ಬರಿದ್ರೆ ಇಬ್ಬರ ಹಾಡೂ ಒಂದೇ ಪುಟಕ್ಕೆ ಬೀಳತ್ತೆ, ನಮ್ಮ ಸುಗಮ ಸಂಗೀತದ ಮೇಡಂ ಭಾವಗೀತೆ ಮೇಲ್ಗಡೆ ಯಾವುದೋ ಊರಿನ ಡಿಜೆ ರೀಮಿಕ್ಸು ಬಂದು ಕೂತಿತ್ತು, ಮೇಡಂ ಮನೆಯವರು "ಇದೂ ನೀನೇ ಹಾಡಿದ್ದಾ" ಅಂತ ಕೇಳಿದ್ರಂತೆ. ಸರಿ ಮಾಡಿಸ್ಬಹುದು, ಡಿಸ್ಟ್ರಿಬ್ಯೂಟರ್ರಿಗೆ ಬರೆದು ಆ ಕಲಾವಿದರ ಐಡಿ ಸರಿಯಾಗಿ ಕೊಟ್ರೆ ಆಗತ್ತೆ, ಆದ್ರೆ ಅದಕ್ಕೆ ತಾಳ್ಮೆ ಬೇಕು, ಆ ಕಡೆಯಿಂದ ಮೊದಲು ಉತ್ತರ ಕೊಡೋದೂ ಕಂಪ್ಯೂಟರ್ರೇ.

ತಾರೀಖಿನ ಗೋಳು ಬೇರೆ. ಹಾಸನಾಂಬೆ ಬಾಗಿಲು ತೆಗೆಯೋದು ಆಶ್ವಯುಜ ಹುಣ್ಣಿಮೆ ಆದ್ಮೇಲಿನ ಗುರುವಾರ. ಹಾಡು ಮಾಡಿದೋರು ಬರೋದು ಆ ವಾರದ ಮಂಗಳವಾರ. ಪ್ರಪಂಚದ ಕಂಪನಿಗಳೆಲ್ಲ 2015ರ ಜುಲೈಯಿಂದ ಶುಕ್ರವಾರ ರಿಲೀಸ್ ಅಂತ ಪದ್ಧತಿ ಇಟ್ಕೊಂಡಿವೆ, ಎಲ್ಲಾ ಕಡೆ ಸರಿಯಾಗಿ ತಲುಪೋಕೆ ವಾರಗಟ್ಟಲೆ ಮುಂಚೆ ಕೊಡಿ ಅಂತಾರೆ, ಇವರು ನೋಡಿದ್ರೆ "ಗುರುವಾರ ಬೆಳಿಗ್ಗೆ ಬಾಗಿಲು ತೆಗೆಯೋ ಹೊತ್ತಿಗೆ ಬರ್ಬೇಕು ಕಣಣ್ಣ, ತಾಯಿ ಹಾಡು" ಅಂತಾರೆ. ಯೂಟ್ಯೂಬಲ್ಲಿ ನಿಮ್ಮ ಚಾನೆಲ್ಲಿಗೆ ನೀವೇ ಹಾಕ್ಕೊಳ್ಳಿ, ಮಿಕ್ಕಿದ್ದು ಬಂದಾಗ ಬರಲಿ ಅಂತ ಕಳಿಸ್ತೀನಿ. ಅದು ಬಂದಾಗ, ಬಂತಲ್ಲ, ಮತ್ತೆ ಮೊದಲ ಸಾಲಿನಂಥದ್ದೇ ಪ್ರಶ್ನೆ: ನಾನು ಒಂದು ಹಾಕಿದೆ, ಎರಡು ಹೆಂಗಾಯ್ತು?

ಎರಡಿದ್ರೆ ತೊಂದ್ರೆ ಏನು ಅಂದ್ರೆ ದುಡ್ಡು ಬೇರೆ ಬೇರೆ ದಾರಿ. ಸ್ವಂತ ಚಾನೆಲ್ಲಿನ ಜಾಹೀರಾತು ದುಡ್ಡು ಬರ್ಬೇಕಂದ್ರೆ ಸಾಮಾನ್ಯವಾಗಿ 1000 ಸಬ್‌ಸ್ಕ್ರೈಬರು, ವರ್ಷದೊಳಗೆ 4000 ಗಂಟೆ ನೋಡಿರ್ಬೇಕು ಅಂತ 2018ರಿಂದ ಇರೋ ನಿಯಮ. ಟಾಪಿಕ್ ಚಾನೆಲ್ಲಲ್ಲಿ ಜನ ಎಷ್ಟೇ ಕೇಳಿದ್ರೂ ಅದು ಈ ಲೆಕ್ಕಕ್ಕೆ ಬರಲ್ಲ, ಅದರ ದುಡ್ಡು ಹೋಗೋದು ಡಿಸ್ಟ್ರಿಬ್ಯೂಟರ್ ಹತ್ರ, ಅವರಿಂದ ನಿಮಗೆ. ಎರಡನ್ನೂ ಸೇರಿಸಿ ಅಫೀಶಿಯಲ್ ಆರ್ಟಿಸ್ಟ್ ಚಾನೆಲ್ ಅಂತ ಮಾಡಿಸ್ಕೋಬಹುದು, ಹೆಸರಿನ ಪಕ್ಕ ಸಂಗೀತದ ಒಂದು ಚಿಹ್ನೆ ಬರತ್ತೆ, ಹುಡುಗ್ರಿಗೆ ಅದಿದ್ರೆ ಬೇರೇನೂ ಬೇಡ. ಆಗ್ಲೂ ದುಡ್ಡಿನ ದಾರಿ ಎರಡೇ. ದುಡ್ಡು ಅಂದ ತಕ್ಷಣ ಕಣ್ಣು ದೊಡ್ಡದು ಮಾಡ್ಬೇಡಿ. ಸ್ಪಾಟಿಫೈ 2024ರಿಂದ ಹಿಂದಿನ 12 ತಿಂಗಳಲ್ಲಿ 1000 ಸಲ ಕೇಳಿರದ ಹಾಡಿಗೆ ಕಾಸು ಕೊಡಲ್ಲ. ನನ್ನ ಅಂಗಡಿಯಿಂದ ಹೋದ ಹಾಡುಗಳಲ್ಲಿ ಆ ಗೆರೆ ದಾಟದೇ ಇರೋವೇ ಜಾಸ್ತಿ. ದಾಟಿದೋರಿಗೆ ಅಮೆರಿಕದ ಡಿಸ್ಟ್ರಿಬ್ಯೂಟರ್ ಆದ್ರೆ ಡಬ್ಲ್ಯೂ-ಎಯ್ಟ್-ಬೆನ್ ಅಂತ ಟ್ಯಾಕ್ಸ್ ಫಾರ್ಮು, ಅದರಲ್ಲಿ ಪ್ಯಾನ್ ನಂಬರ್ ಹಾಕಿ ಭಾರತ-ಅಮೆರಿಕ ತೆರಿಗೆ ಒಪ್ಪಂದ ಅಂತ ತೋರಿಸಿದ್ರೆ ಅಲ್ಲಿಂದ ಬಂದ ರಾಯಲ್ಟಿಗೆ 15 ಪರ್ಸೆಂಟ್ ತೆರಿಗೆ ಹಿಡೀತಾರೆ, ಇಲ್ಲಾಂದ್ರೆ 30. ಇದನ್ನ ತುಂಬೋಕೆ ನಾನು 50 ರೂಪಾಯಿ ತಗೊಳ್ತೀನಿ, ಕೆಲವರಿಗೆ ಆ 50 ಹಾಡಿನ ಒಂದು ವರ್ಷದ ಸಂಪಾದನೆಗಿಂತ ಜಾಸ್ತಿ, ಅದಕ್ಕೇ ಎಷ್ಟೋ ಸಲ ಬಿಟ್ಬಿಡ್ತೀನಿ.

ಕ್ಲೈಮಿನ ಕತೆ ಹೇಳದಿದ್ರೆ ನಮ್ಮ ಬ್ಯಾಂಡ್ ಹುಡುಗ್ರು ಬೈತಾರೆ. ಸಾಲಗಾಮೆ ರಸ್ತೆ ಕಡೆ ರೂಮ್ ಮಾಡ್ಕೊಂಡಿರೋ ನಾಲ್ಕು ಜನ, ಸ್ವಂತ ಹಾಡು, ಸ್ವಂತ ಟ್ಯೂನು. ಡಿಸ್ಟ್ರಿಬ್ಯೂಟರ್ ಮೂಲಕ ಬಿಟ್ರು, ಆಮೇಲೆ ಬೇಲೂರು ರಸ್ತೇಲಿ ಬೈಕ್ ಓಡಿಸ್ಕೊಂಡು ಮೊಬೈಲಲ್ಲಿ ವಿಡಿಯೋ ತೆಗೆದು ಅದೇ ಹಾಡು ಹಾಕಿ ತಮ್ಮ ಚಾನೆಲ್ಲಿಗೆ ಏರಿಸಿದ್ರು. ಹತ್ತು ನಿಮಿಷಕ್ಕೆ ನೋಟಿಸು, ಈ ವಿಡಿಯೋದಲ್ಲಿ ಬೇರೆಯವರ ಹಾಡಿದೆ, ದುಡ್ಡು ಅವರಿಗೆ ಹೋಗತ್ತೆ ಅಂತ. ಹುಡುಗ್ರು ಕೆಂಡ. ಯಾರಪ್ಪಾ ಆ ಬೇರೆಯವರು ಅಂತ ನೋಡಿದ್ರೆ ಇವರೇ, ಅಂದ್ರೆ ಇವರ ಪರವಾಗಿ ಇವರ ಡಿಸ್ಟ್ರಿಬ್ಯೂಟರ್ರು. ಅರ್ಜೀಲಿ ಕಂಟೆಂಟ್ ಐಡಿ ಅನ್ನೋ ಖಾನೆಗೆ ಟಿಕ್ ಬಿದ್ದಿತ್ತು.

ಯೂಟ್ಯೂಬ್ 2007ರಲ್ಲಿ ತಂದ ವ್ಯವಸ್ಥೆ ಇದು. ಹಾಡಿನ ಧ್ವನಿಯಿಂದ ಒಂದು ಗುರುತು ಮಾಡಿಟ್ಕೊಳ್ಳತ್ತೆ, ಆಮೇಲೆ ಏರೋ ಪ್ರತಿ ವಿಡಿಯೋನ ಅದರ ಜೊತೆ ತಾಳೆ ನೋಡತ್ತೆ, ಸಿಕ್ಕಿದ್ರೆ ಹಕ್ಕುದಾರ ಮೊದಲೇ ಹೇಳಿಟ್ಟಂಗೆ ದುಡ್ಡು ತಿರುಗಿಸತ್ತೆ, ಇಲ್ಲಾ ತಡೆಯತ್ತೆ, ಇಲ್ಲಾ ಸುಮ್ನೆ ಲೆಕ್ಕ ಇಡತ್ತೆ. ಹಾಡು ಮಾಡಿದೋನೇ ಏರಿಸ್ತಿದಾನೆ ಅನ್ನೋದು ಅದಕ್ಕೆ ಹೆಂಗೆ ಗೊತ್ತಾಗ್ಬೇಕು? ನಮ್ಮ ಚಾನೆಲ್ ಬಿಟ್ಬಿಡಿ ಅಂತ ಡಿಸ್ಟ್ರಿಬ್ಯೂಟರ್ರಿಗೆ ಲಿಂಕ್ ಕಳಿಸಿದ್ರೆ ಮುಗೀತು. ಕ್ಲೈಮ್ ನಿಜವಾಗ್ಲೂ ತಪ್ಪಾಗಿದ್ರೆ ಡಿಸ್‌ಪ್ಯೂಟ್, ಅಂದ್ರೆ ತಕರಾರು ಹಾಕ್ಬಹುದು, ಕ್ಲೈಮ್ ಮಾಡಿದೋರು 30 ದಿನದಲ್ಲಿ ಉತ್ತರ ಕೊಡದಿದ್ರೆ ಬಿದ್ದೋಗತ್ತೆ. ಆದ್ರೆ ಇಂಟರ್ನೆಟ್ಟಲ್ಲಿ ಬೀಟ್, ಅಂದ್ರೆ ರೆಡಿ ಮಾಡಿಟ್ಟಿರೋ ಮ್ಯೂಸಿಕ್ಕು ಬಾಡಿಗೆಗೆ ತಗೊಂಡು ಹಾಡೋ ಹುಡುಗ್ರಿಗೆ ನಾನು ಕಂಟೆಂಟ್ ಐಡಿ ಟಿಕ್ ಮುಟ್ಟೋಕೆ ಬಿಡಲ್ಲ. ಅದೇ ಬೀಟನ್ನ ಇನ್ನೂ ನೂರು ಜನ ಬಾಡಿಗೆ ತಗೊಂಡಿರ್ತಾರೆ, ಇವನ ಕ್ಲೈಮು ಹೋಗಿ ಅವರಿಗೆಲ್ಲ ಹೊಡೆಯತ್ತೆ, ನಿಯಮದಲ್ಲೂ ಅದಕ್ಕೆ ಅವಕಾಶ ಇಲ್ಲ, ಪೂರ್ತಿ ನಿಂದೇ ಆಗಿದ್ರೆ ಮಾತ್ರ.

ಪೂರ್ತಿ ನಿಂದೇ ಅಂದ್ರೆ ಏನು ಅನ್ನೋದು ನನಗೆ ಕಾಡಿದ್ದು ಕೊಪ್ಪದ ಕಡೆ ಒಂದು ವಿಷಯದಲ್ಲಿ. ನನ್ನ ಹೆಂಡತಿ ತವರು ಆ ಕಡೆ. ಅಲ್ಲಿ ದೀಪಾವಳಿಗೆ ಅಂಟಿಗೆ-ಪಂಟಿಗೆಯೋರು ಬರ್ತಾರೆ, ಗೊತ್ತಿಲ್ಲದೋರಿಗೆ ಹೇಳ್ತೀನಿ, ದೀಪ ಹಿಡ್ಕೊಂಡು ರಾತ್ರಿಯೆಲ್ಲಾ ಮನೆಯಿಂದ ಮನೆಗೆ ಹಾಡ್ಕೊಂಡು ಹೋಗೋ ತಂಡ, ಮನೆಯೋರು ದೀಪಕ್ಕೆ ಎಣ್ಣೆ ಹಾಕಿ ಅಕ್ಕಿ, ಕಾಯಿ, ದುಡ್ಡು ಕೊಡ್ತಾರೆ, ಒಬ್ಬರು ಹೇಳ್ಕೊಡ್ತಾರೆ ಮಿಕ್ಕಿದೋರು ಎಳೀತಾರೆ. ಅಂಥ ಒಂದು ತಂಡದ ಹಾಡು ಚಿಕ್ಕಮಗಳೂರಿನ ಒಂದು ಸ್ಟುಡಿಯೋದೋರು ರೆಕಾರ್ಡ್ ಮಾಡಿದ್ರು, ದುಡ್ಡು ತಗೊಳ್ಳಲಿಲ್ಲ, ಆಸೆಯಿಂದಾನೇ ಮಾಡಿದ್ರು. ಒಂದಿನ ಮಾವನ ಮನೇಲಿ ಕೂತಿದ್ದಾಗ ಯಾರೋ ಮೊಬೈಲಲ್ಲಿ ಹಾಕಿದ್ರು. ಕವರ್ ಫೋಟೋ, ಟಾಪಿಕ್ ಚಾನೆಲ್, ಎಲ್ಲಾ ಸರಿ. ನಾನು ಅಭ್ಯಾಸಬಲದಿಂದ ಡಿಸ್ಕ್ರಿಪ್ಶನ್ ಬಿಚ್ಚಿದೆ. ಕಂಪೋಸರ್ ಅಂತ ಇದ್ದ ಕಡೆ ಸ್ಟುಡಿಯೋದವರ ಹೆಸರು. ಸಾಹಿತ್ಯ ಬರೆದವರು ಅಂತಾನೂ ಅವರದ್ದೇ ಹೆಸರು. ಹಾಡಿದ ಹನ್ನೆರಡು ಜನದಲ್ಲಿ ಒಬ್ಬರ ಹೆಸರೂ ಇಲ್ಲ, ತಂಡ ಅಂತ ಇದೆ ಅಷ್ಟೆ.

ಸ್ಟುಡಿಯೋದವರನ್ನ ಕಳ್ಳ ಅನ್ನೋಕೆ ಆಗಲ್ಲ. ಫೋನ್ ಮಾಡಿದಾಗ ಅವರು ಹೇಳಿದ್ದು ಒಂದೇ ಮಾತು, "ಖಾಲಿ ಬಿಟ್ರೆ ಫಾರ್ಮ್ ಮುಂದಕ್ಕೆ ಹೋಗ್ತಿರಲಿಲ್ಲ ಸಾರ್, ಯಾರ ಹೆಸರು ಹಾಕೋದು, ನಂದೇ ಹಾಕಿದೆ." ತಂಡದ ಯಜಮಾನ್ರನ್ನ ಕೇಳಿದೆ, ಈ ಹಾಡು ಕಟ್ಟಿದ್ದು ಯಾರು ಅಂತ. "ನಮ್ಮಪ್ಪ ಹೇಳ್ಕೊಟ್ಟಿದ್ದು ಮಾರಾಯ್ರೆ, ಅವರಿಗೆ ಅವರಪ್ಪ, ಕಟ್ಟಿದ್ದು ಯಾರಂತ ಯಾರಿಗ್ ಗೊತ್ತು" ಅಂದ್ರು. ಯಾರೂ ಸುಳ್ಳು ಹೇಳ್ತಿಲ್ಲ ನೋಡಿ. ಆದ್ರೂ ಯಂತ್ರ ಓದಿದ ಕಾಗದದ ಪ್ರಕಾರ ಎಷ್ಟೋ ತಲೆಮಾರಿನ ಹಾಡು ಹೋದ ವರ್ಷ ಒಬ್ಬ ಮನುಷ್ಯ ಕೂತು ಬರೆದಿದ್ದು.

ಪಹಣಿ ನೋಡಿದೋರಿಗೆ ಇದು ತಕ್ಷಣ ಅರ್ಥ ಆಗತ್ತೆ. ಕಾಲಂ 9ರಲ್ಲಿ ಖಾತೆದಾರರ ಹೆಸರು, ಕಾಲಂ 12ರಲ್ಲಿ ಉಳುಮೆ ಮಾಡ್ತಿರೋರದ್ದು. ಊರಲ್ಲಿ ಜಗಳ ಆಗೋದೆಲ್ಲ ಈ ಎರಡರ ಮಧ್ಯೆನೇ. ಹಾಡಿನ ಅರ್ಜೀಲೂ ಎರಡೂ ಕಾಲಂ ಇದೆ, ರೆಕಾರ್ಡಿಂಗ್ ಯಾರ ಸ್ವತ್ತು ಅನ್ನೋದು ಒಂದು, ಬರೆದವರು, ರಾಗ ಹಾಕಿದವರು, ನುಡಿಸಿದವರು ಯಾರು ಅನ್ನೋದು ಇನ್ನೊಂದು. ಸ್ಟುಡಿಯೋದೋರು ತಮ್ಮ ಮೈಕಲ್ಲಿ ತಮ್ಮ ಖರ್ಚಲ್ಲಿ ಮಾಡಿದ ಆ ರೆಕಾರ್ಡಿಂಗಿನ ಹಕ್ಕು ಅವರು ಕೇಳ್ಳಿ, ನನ್ನ ತಕರಾರಿಲ್ಲ. ಹಾಡೇ ನಂದು ಅಂದ್ರೆ, ಮುಂದಿನ ದೀಪಾವಳಿಗೆ ಪಕ್ಕದೂರಿನ ತಂಡ ಅದೇ ಪದ ಹಾಡಿ ಯೂಟ್ಯೂಬಿಗೆ ಹಾಕ್ದಾಗ ಏನಾಗತ್ತೆ ಅಂತ ಯೋಚನೆ ಮಾಡಿ.

ಸರಿ ಮಾಡಿಸಿದ್ವಿ. ಬರೆದವರ ಜಾಗದಲ್ಲಿ ಸಾಂಪ್ರದಾಯಿಕ ಅಂತ ಹಾಕಿಸಿದ್ವಿ, ಅದಕ್ಕೆ ಪದ್ಧತಿ ಇದೆ, ಹಾಡಿದ ಹನ್ನೆರಡು ಜನರ ಹೆಸರೂ ಒಂದೊಂದಾಗಿ ಸೇರಿಸಿದ್ವಿ. ಹಾಡಿದವರಿಗೂ ಕಾನೂನಲ್ಲಿ ಪ್ರದರ್ಶಕರ ಹಕ್ಕು ಅಂತಿದೆ, 50 ವರ್ಷದ್ದು, ಕಾಪಿರೈಟ್ ಕಾಯ್ದೆಗೆ 2012ರ ತಿದ್ದುಪಡಿ ಆದ್ಮೇಲೆ ವ್ಯಾಪಾರಕ್ಕೆ ಬಳಸಿದ್ರೆ ರಾಯಲ್ಟಿಗೂ ಹಕ್ಕಿದೆ. ಯಜಮಾನ್ರಿಗೆ ಅದೆಲ್ಲ ಬೇಕಿರಲಿಲ್ಲ. ಹೆಸರು ಓದಿ ಹೇಳಿದಾಗ, ಎರಡು ವರ್ಷದ ಹಿಂದೆ ತೀರಿಹೋದ ಒಬ್ಬರ ಹೆಸರು ಬಿಟ್ಟೋಗಿದೆ, ರೆಕಾರ್ಡ್ ಮಾಡಿದಾಗ ಅವರಿರಲಿಲ್ಲ, ಆದ್ರೂ ಸೇರಿಸ್ಬಹುದಾ ಅಂತ ಕೇಳಿದ್ರು. ಹಾಡಿಲ್ಲದೋರ ಹೆಸರು ಹಾಕೋಕೆ ಬರಲ್ಲ ಅಂತ ಹೇಳ್ಬೇಕಾಯ್ತು.

ಮುಂಚೆ ಕ್ಯಾಸೆಟ್ ಕಾಲದಲ್ಲಿ ಇದೆಲ್ಲ ಒಳಗಿನ ಮಡಚೋ ಕಾಗದದಲ್ಲಿ ಇರ್ತಿತ್ತು. ನಮ್ಮ ಚನ್ನರಾಯಪಟ್ಟಣದವರೇ ಆದ ಸಿ. ಅಶ್ವಥ್ ಅವರ ಕ್ಯಾಸೆಟ್ ತಂದ್ರೆ ನಮ್ಮನೇಲಿ ಮೊದಲು ಆ ಕಾಗದ ಓದೋರು, ಯಾರ ಕವನ ಅಂತ. ಈಗ ಅದೇ ವಿಷಯ ಡಿಸ್ಕ್ರಿಪ್ಶನ್ನಲ್ಲಿದೆ, ಬಿಚ್ಚಿ ನೋಡೋರಿಲ್ಲ. ಹಳೇದೇ ಚೆನ್ನಾಗಿತ್ತು ಅಂತ ನಾನು ಹೇಳಲ್ಲ, ಆಗ ನಮ್ಮ ಆಲೂರಿನ ಭಜನೆ ಮಂಡಳಿ ಕ್ಯಾಸೆಟ್ ತರ್ಬೇಕಂದ್ರೆ ಬೆಂಗಳೂರಿಗೆ ಹೋಗಿ ಯಾರದ್ದೋ ಬಾಗಿಲು ಕಾಯ್ಬೇಕಿತ್ತು. ಈಗ ನನ್ನ ಅಂಗಡಿ ಸ್ಟೂಲ್ ಮೇಲೆ ಕೂತು ಟೀ ಕುಡ್ಕೊಂಡು ಮುಗಿಸ್ತಾರೆ.

ಕವನ ಅಂದಾಗ ನೆನಪಾಯ್ತು, ಸುಗಮ ಸಂಗೀತದೋರು ಬಂದಾಗ ನಾನು ಮೊದಲು ಕೇಳೋದು ಸಾಹಿತ್ಯ ಯಾರದ್ದು ಅಂತ. ವಚನ ಆದ್ರೆ ಚಿಂತೆ ಇಲ್ಲ, 12ನೇ ಶತಮಾನದ್ದು. ಕುವೆಂಪು ಅಂದ್ರೆ ಕೈ ನಿಲ್ಲಿಸ್ತೀನಿ. ನಮ್ಮ ಕಡೆಯೋರೇ, ಹುಟ್ಟಿದ್ದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ಎಲ್ಲರ ಬಾಯಲ್ಲೂ ಇರೋ ಪದ್ಯಗಳು, ಆದ್ರೆ ತೀರಿಕೊಂಡಿದ್ದು 1994ರಲ್ಲಿ, ನಮ್ಮ ಕಾನೂನಲ್ಲಿ ಬರೆದವರು ಹೋದ್ಮೇಲೆ 60 ವರ್ಷ ಹಕ್ಕು ಇರತ್ತೆ, ಅಂದ್ರೆ 2054 ಮುಗಿಯೋವರೆಗೂ ಅನುಮತಿ ಬೇಕು. ಶಾಲೇಲಿ ಹಾಡಿದೀವಿ, ಮದುವೇಲಿ ಹಾಡಿದೀವಿ, ಇದಕ್ಯಾಕೆ ಕೇಳ್ಬೇಕು ಅಂತಾರೆ. ಮದುವೇಲಿ ಹಾಡೋಕೆ ಯಾರೂ ಅರ್ಜಿ ಕೇಳಲ್ಲ ಮೇಡಂ, ಇಲ್ಲಿ 'ಎಲ್ಲಾ ಹಕ್ಕೂ ನನ್ನದೇ' ಅನ್ನೋ ಖಾನೆಗೆ ಟಿಕ್ ಹಾಕ್ತಿರೋದು ನೀವು ಅಂತೀನಿ.

ಹೋದ ತಿಂಗಳು ಬಂದವರು ಒಬ್ಬರು ರಿಟೈರ್ಡ್ ಮೇಷ್ಟ್ರು. ಭಾವಗೀತೆ ಬರೀತಾರೆ, ಬೇರೆ ಬೇರೆ ಹುಡುಗ್ರು ಹುಡುಗೀರು ಅದಕ್ಕೆ ರಾಗ ಹಾಕಿ ಹಾಡಿದಾರೆ, ಯಾರ ಟಾಪಿಕ್ ಚಾನೆಲ್ಲಲ್ಲಿ ಯಾವುದಿದೆ ಅಂತ ಅವರಿಗೇ ಗೊತ್ತಿಲ್ಲ. ಕೂತು ಹುಡುಕಿದ್ವಿ. ಕೆಲವು ಕಡೆ ಅವರ ಹೆಸರಿದೆ, ಕೆಲವು ಕಡೆ ಹಾಡಿದವರೇ ಸಾಹಿತ್ಯಾನೂ ತಮ್ಮದು ಅಂತ ಹಾಕ್ಕೊಂಡಿದಾರೆ, ಒಂದರಲ್ಲಿ ಸುಮ್ಮನೆ 'ಮೇಷ್ಟ್ರು' ಅಂತ ಇದೆ, ಅದಕ್ಕೆ ಅವರು ಬಹಳ ನಕ್ಕರು. ಸಾಹಿತ್ಯ ಬರೆದವರಿಗೆ ರಾಯಲ್ಟಿ ವಸೂಲಿ ಮಾಡಿಕೊಡೋ ಐಪಿಆರ್‌ಎಸ್ ಅಂತ ಒಂದು ಸೊಸೈಟಿ ಇದೆ ಸಾರ್, 1969ರಿಂದ ಇದೆ, ಮೆಂಬರ್ ಆಗಿ ಒಂದೊಂದು ಹಾಡೂ ರಿಜಿಸ್ಟರ್ ಮಾಡಿಸಿ, 2012ರ ತಿದ್ದುಪಡಿಯಲ್ಲಿ ಸಾಹಿತಿ, ಸಂಗೀತ ನಿರ್ದೇಶಕರ ರಾಯಲ್ಟಿ ಹಕ್ಕನ್ನ ವಾರಸುದಾರರಿಗೆ ಇಲ್ಲಾ ಇಂಥ ಸೊಸೈಟಿಗೆ ಬಿಟ್ಟು ಬೇರೆ ಯಾರಿಗೂ ಬರೆದುಕೊಡೋಕೆ ಆಗಲ್ಲ ಅಂತ ಮಾಡಿದಾರೆ ಅಂತೆಲ್ಲ ಹೇಳಿದೆ. ವಾರಸುದಾರರು ಅಂದ ತಕ್ಷಣ ಮೇಷ್ಟ್ರು ಕನ್ನಡಕ ತೆಗೆದ್ರು. ಮಗಳು ಮೈಸೂರಲ್ಲಿದಾಳೆ, ನಾನು ಹೋದ್ಮೇಲೆ ಅವಳು ಎಲ್ಲಿ ಅರ್ಜಿ ಹಾಕ್ಬೇಕು, ಪೌತಿ ಖಾತೆ ಮಾಡಿಸ್ದಂಗೆ ಇದಕ್ಕೂ ಇದ್ಯಾ ಅಂತ ಕೇಳಿದ್ರು. ವಾರಸುದಾರರೂ ಸೊಸೈಟಿ ಮೆಂಬರ್ ಆಗ್ಬಹುದು ಸಾರ್, ಆದ್ರೆ ಯಾವ ಹಾಡು ನಿಮ್ಮದು ಅಂತ ಮೊದಲು ನೀವು ಬರೆದಿಡ್ಬೇಕು ಅಂದೆ. ಆಧಾರ್ರು, ಪ್ಯಾನು, ಬ್ಯಾಂಕ್ ಪಾಸ್‌ಬುಕ್ಕು, ಆಮೇಲೆ ಯಾವ ಹಾಡು ಯಾರು ಹಾಡಿದ್ದು ಅಂತ ಒಂದು ನೋಟ್‌ಬುಕ್ಕಲ್ಲಿ ಬರ್ಕೊಂಡು ಬನ್ನಿ ಅಂತ ಹೇಳಿ ಕಳಿಸಿದೀನಿ. ನಿನ್ನೆ ಫೋನ್ ಮಾಡಿದ್ರು, ನೋಟ್‌ಬುಕ್ ಬರೀತಾ ಬರೀತಾ ಹಳೇ ಕವನಗಳನ್ನ ತಿದ್ದೋಕೆ ಕೂತ್ಬಿಟ್ಟಿದೀನಿ, ಇನ್ನೊಂದು ವಾರ ಟೈಮ್ ಬೇಕು ಅಂತ.